‘ಸೀಲು ಹೋಗಿದೆ’: ಮೋಟಾರ್ ಸೈಕಲ್ಲಿನ ಫೋರ್ಕ್ ಸೀಲು ಬದಲಿಸುವ ಕೆಲಸದ ಪದಗಳ ಬಗ್ಗೆ

ಪದಾಸಕ್ತರೆಲ್ಲರಿಗೂ ನಮಸ್ಕಾರ.

ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರು ಓದಿಕೊಳ್ಳಲೆಂದು ಹಳೆಯ ಮೋಟಾರ್ ಸೈಕಲ್ಲುಗಳ ದುರಸ್ತಿಯ ಮೇಲೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಚೈನು, ಕ್ಲಚ್ಚು, ಬ್ರೇಕುಗಳ ಅಧ್ಯಾಯಗಳಲ್ಲಿ ಪದಗಳು ಅಷ್ಟಾಗಿ ಕಾಡಲಿಲ್ಲ. ಮುಂದಿನ ಫೋರ್ಕಿನ ಸವೆದ ಸೀಲನ್ನು ತೆಗೆದು ಹೊಸದನ್ನು ಹಾಕುವ ಅಧ್ಯಾಯಕ್ಕೆ ಬಂದಾಗ ಮಾತ್ರ ವಾಕ್ಯ ವಾಕ್ಯಕ್ಕೂ ನಿಂತು ಯೋಚಿಸಬೇಕಾಗಿದೆ. ಈ ಕೆಲಸದ ಬಹುಪಾಲು ನಾಮಪದಗಳು ಇಂಗ್ಲಿಷಿನಿಂದ ಬಂದು ಗ್ಯಾರೇಜಿನ ಕನ್ನಡದಲ್ಲಿ ನೆಲೆಸಿವೆ. ಅವುಗಳ ಬಗ್ಗೆ ನನಗೆ ಹೆಚ್ಚಿನ ತಕರಾರಿಲ್ಲ. ತೊಡಕಿರುವುದು ಕ್ರಿಯಾಪದಗಳಲ್ಲಿ. ಸೋರು, ಜಿನುಗು, ಒಸರು, ಸವೆ, ಸೀಳು, ಮೀಟು, ಕೂರಿಸು ಮುಂತಾದವೆಲ್ಲ ಅಚ್ಚ ಕನ್ನಡದವೇ ಆಗಿದ್ದರೂ, ಯಾವುದನ್ನು ಎಲ್ಲಿ ಬಳಸಬೇಕೆಂಬುದರಲ್ಲಿ ಒಂದೊಂದು ಕಡೆ ಒಂದೊಂದು ರೂಢಿ ಇರುವಂತಿದೆ, ಮತ್ತು ಇಲ್ಲಿ ಪದ ಜಾರಿದರೆ ದೋಷ ಎಲ್ಲಿದೆಯೆಂದು ಗುರುತಿಸುವುದೇ ಕೆಡುತ್ತದೆ. ನನ್ನ ತಿಳಿವಳಿಕೆಯನ್ನು ಕೆಳಗೆ ವಿವರವಾಗಿ ಬರೆದಿದ್ದೇನೆ. ಬಲ್ಲವರು ಒಪ್ಪುವಲ್ಲಿ ಒಪ್ಪಿ, ತಿದ್ದಬೇಕಾದಲ್ಲಿ ತಿದ್ದಬೇಕೆಂದು ಕೋರುತ್ತೇನೆ.

ಪದಕ್ಕೆ ಮೊದಲು ವಸ್ತುವಿನ ಮಾತು. ಆಯಿಲ್ಲಿನಿಂದ ಕುಣಿತ ತಗ್ಗಿಸುವ ಟೆಲಿಸ್ಕೋಪಿಕ್ ಫೋರ್ಕನ್ನು ಮಾರಾಟದ ಬೈಕುಗಳಿಗೆ ಮೊದಲು ಹಾಕಿದ್ದು ಬಿಎಂಡಬ್ಲ್ಯು ಕಂಪನಿ, 1935ರಲ್ಲಿ, ತನ್ನ ಆರ್12 ಮತ್ತು ಆರ್17 ಮಾದರಿಗಳಿಗೆ. ಇಂದಿಗೂ ನಮ್ಮ ಬೀದಿಗಳಲ್ಲಿ ಓಡಾಡುವ ಬಹುಪಾಲು ಬೈಕುಗಳ ಮುಂಭಾಗದಲ್ಲಿರುವುದು ಅದೇ ತತ್ವದ ಫೋರ್ಕು. ಕ್ರೋಮ್ ಲೇಪವಿರುವ ಉಕ್ಕಿನ ಪೈಪೊಂದು ಕೆಳಗಿನ ದಪ್ಪ ಕೊಳವೆಯೊಳಗೆ ಮೇಲಕ್ಕೂ ಕೆಳಕ್ಕೂ ಜಾರುತ್ತದೆ; ಒಳಗೆ ಸ್ಪ್ರಿಂಗೂ ಆಯಿಲ್ಲೂ ಇರುತ್ತವೆ. ಭಾರ ಹೊರುವುದು ಸ್ಪ್ರಿಂಗು. ಆಯಿಲ್ ಸಣ್ಣ ರಂಧ್ರಗಳ ಮೂಲಕವೇ ನುಸುಳಿ ಹೋಗಬೇಕಾಗುವುದರಿಂದ ಆ ಸ್ಪ್ರಿಂಗು ಮನಬಂದಂತೆ ಕುಣಿಯುವುದು ತಪ್ಪುತ್ತದೆ. ಕೆಳಗಿನ ಕೊಳವೆಯ ಬಾಯಿಯಲ್ಲಿ ಬಿಗಿಯಾಗಿ ಕೂತು, ಜಾರುವ ಪೈಪನ್ನು ಸುತ್ತಲೂ ಹಿಡಿದುಕೊಂಡು, ಆಯಿಲ್ ಹೊರಗೆ ಬಾರದಂತೆ ತಡೆಯುವ ರಬ್ಬರಿನ ಬಳೆಯೇ ಆಯಿಲ್ ಸೀಲು. ಅದರ ಮೇಲೆ ದೂಳು, ಕೆಸರು ಒಳಗೆ ಹೋಗದಂತೆ ತಡೆಯುವ ಇನ್ನೊಂದು, ಡಸ್ಟ್ ಸೀಲು. ಆಯಿಲ್ ಸೀಲನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರೆ ಒಳ ಅಂಚಿನಲ್ಲಿ ಒಂದು ತೆಳುವಾದ ತುಟಿಯೂ, ಆ ತುಟಿಯ ಹಿಂದೆ ಮಗುವಿನ ಸೊಂಟದ ಉಡಿದಾರದಂತೆ ಸುತ್ತಿಕೊಂಡ ಕೂದಲೆಳೆ ಸ್ಪ್ರಿಂಗೂ ಕಾಣುತ್ತವೆ. ಪೈಪನ್ನು ಒತ್ತಿ ಹಿಡಿಯುವ ಕೆಲಸವೆಲ್ಲ ಆ ತುಟಿಯದು ಮತ್ತು ಆ ಸ್ಪ್ರಿಂಗಿನದು.

ಹೆಸರುಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಗ್ಯಾರೇಜಿನಲ್ಲಿ ಫೋರ್ಕನ್ನು ಫೋರ್ಕ್ ಎನ್ನುವುದಕ್ಕಿಂತ ‘ಮುಂದಿನ ಶಾಕ್’ ಎನ್ನುವವರೇ ಹೆಚ್ಚು. ಆದರೆ ಹಿಂದಿನ ಶಾಕ್ ಅಬ್ಸಾರ್ಬರ್ ಬೇರೆಯೇ ಸಾಮಾನು, ಹಳೆಯ ಬೈಕುಗಳಲ್ಲಿ ಅದನ್ನು ಬಿಚ್ಚಿ ಸೀಲು ಹಾಕುವ ರೂಢಿಯೂ ಕಡಿಮೆ. ಆದ್ದರಿಂದ ಕೈಪಿಡಿಯಲ್ಲಿ ಮುಂದಿನದಕ್ಕೆ ಫೋರ್ಕು, ಹಿಂದಿನದಕ್ಕೆ ಶಾಕು ಎಂದು ಗೆರೆ ಕೊಯ್ದುಕೊಂಡಿದ್ದೇನೆ. ‘ಕವಲು’ ಎಂಬ ಸಲಹೆ ಬಂದಿತ್ತು. ಕವಲು ಎಂದರೆ ದಾರಿಯೋ ಕೊಂಬೆಯೋ ಒಂದು ಎರಡಾಗುವ ಜಾಗ. ಅದು ಒಂದು ಬಿಂದುವಿನ ಹೆಸರು, ಉಪಕರಣದ ಹೆಸರಲ್ಲ. ಬೇಲಿಗೆ ಮುಳ್ಳುಕಂತೆ ಎತ್ತಿ ಹಾಕುವ ಕವೆಗೋಲಿನ ‘ಕವೆ’ ಇದಕ್ಕಿಂತ ಹತ್ತಿರದ್ದು, ಏಕೆಂದರೆ ಅದು ಹಿಡಿಯುವ ಸಾಧನ, ಚಕ್ರವನ್ನು ಎರಡೂ ಕಡೆಯಿಂದ ಹಿಡಿದ ಫೋರ್ಕಿಗೆ ಒಪ್ಪುತ್ತದೆ. ಆದರೂ ‘ಕವೆಯ ಸೀಲು ಕೊಡಿ’ ಎಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ, ಮತ್ತು ಈ ಕೈಪಿಡಿ ಓದುವ ಹುಡುಗ ನಾಳೆ ಹೋಗಿ ನಿಲ್ಲುವುದು ಆ ಅಂಗಡಿಯ ಮುಂದೆಯೇ. ‘ಟೆಲಿಸ್ಕೋಪಿಕ್’ ಎಂಬುದಕ್ಕೆ ದೂರದರ್ಶಕದ ಹೆಸರನ್ನು ತಂದು ಜೋಡಿಸುವುದಂತೂ ಸಲ್ಲದು. ಅಲ್ಲಿರುವ ಭಾವ ದೂರದ್ದನ್ನು ನೋಡುವುದಲ್ಲ, ಒಂದು ಕೊಳವೆ ಇನ್ನೊಂದರೊಳಗೆ ಜಾರುವುದು.

ಸೀಲು ಎಂಬುದಕ್ಕೆ ಯಂತ್ರಾನುವಾದಗಳು ಕೊಡುವ ‘ತೈಲಮುದ್ರೆ’ಯನ್ನು ನಾನು ಒಪ್ಪಲಾರೆ. ಇಂಗ್ಲಿಷಿನಲ್ಲಿ ಅರಗಿನ ಮೊಹರಿಗೂ ಯಂತ್ರದ ಈ ಬಳೆಗೂ ಒಂದೇ ಪದವಿದೆ. ಲಕೋಟೆಗೆ ಅರಗು ಒತ್ತಿ ಮುಚ್ಚುತ್ತಿದ್ದುದರಿಂದ ಮುಚ್ಚುವುದು, ಸಂದು ಕಟ್ಟುವುದು ಎಂಬ ಅರ್ಥ ಅಲ್ಲಿ ಬೆಳೆಯಿತು. ಕನ್ನಡದ ಮುದ್ರೆಗೆ ಆ ಬೆಳವಣಿಗೆ ಆಗಿಲ್ಲ. ಮುದ್ರೆ ಎಂದರೆ ಒತ್ತಿದ ಗುರುತು, ಅಷ್ಟೆ. ‘ಬಿರಡೆ’ಯೂ ಆಗದು, ಏಕೆಂದರೆ ಬಿರಡೆ ಬಾಯಿಯನ್ನು ಪೂರ್ತಿ ಮುಚ್ಚುತ್ತದೆ, ಸೀಲಾದರೋ ತನ್ನ ನಡುವೆ ಪೈಪು ಓಡಾಡಲು ಬಿಟ್ಟು ಆಯಿಲ್ಲನ್ನು ಮಾತ್ರ ತಡೆಯುತ್ತದೆ. ಹಾಗಾಗಿ ಸೀಲು ಸೀಲಾಗಿಯೇ ಇರಲಿ. ದೀರ್ಘಸ್ವರದ ನಂತರದ ವ್ಯಂಜನಾಂತ ಪದಗಳು ಬೈಕು, ಪೈಪು, ಬ್ರೇಕು ಎಂದು ಇಮ್ಮಡಿಯಾಗದೆ ಉಕಾರ ಪಡೆಯುವಂತೆ ಇದೂ ಸೀಲು, ಸೀಲಿನ, ಸೀಲುಗಳು ಎಂದು ಸಲೀಸಾಗಿ ನಡೆಯುತ್ತದೆ. ಒಂದೇ ಎಚ್ಚರಿಕೆ: ಕರಡು ತಿದ್ದುವಾಗ ಲಕಾರ ಳಕಾರಗಳನ್ನು ಕಣ್ಣಿಟ್ಟು ನೋಡಬೇಕು. ‘ಸೀಲು ಸೀಳಿದೆ’ ಎಂಬುದು ಸರಿಯಾದ, ಈ ಅಧ್ಯಾಯದಲ್ಲಿ ಬೇಕೇ ಬೇಕಾದ ವಾಕ್ಯ. ಅಕ್ಷರ ಜೋಡಿಸುವವರ ಕೈಯಲ್ಲಿ ಅದು ಏನೇನೋ ಆಗಬಲ್ಲದು.

ಉಳಿದ ಸಾಮಾನುಗಳಿಗೆ ಗ್ಯಾರೇಜಿನ ಹೆಸರುಗಳನ್ನೇ ಇಟ್ಟಿದ್ದೇನೆ. ಜಾರುವ ಉಕ್ಕಿನದು ಫೋರ್ಕ್ ಪೈಪು, ಕೆಳಗಿನ ಕೊಳವೆ ಬಾಟಮ್ಮು, ಸೀಲು ಮೇಲೇಳದಂತೆ ಕೊಳವೆಯ ಗಾಡಿಯಲ್ಲಿ ಕೂರುವ ತಂತಿಬಳೆ ಲಾಕು, ಆರು ಮೂಲೆಯ ತಲೆಗೆ ಹಾಕುವ ಬಗ್ಗಿದ ಕಡ್ಡಿ ಎಲ್ಲೆನ್ ಕೀ. ಲಾಕು ಕೂರುವ ಗೆರೆಗೆ ‘ಗಾಡಿ’ ಎಂದು ಹಳೆಯ ಮೆಕ್ಯಾನಿಕ್ಕೊಬ್ಬರ ಬಾಯಲ್ಲಿ ಕೇಳಿ ಇಲ್ಲಿ ಬಳಸಿದ್ದೇನೆ. ವಾಹನವೆಂಬ ಅರ್ಥದೊಡನೆ ಗೊಂದಲವಾಗುವುದರಿಂದ ಕೈಪಿಡಿಯಲ್ಲಿ ಅದನ್ನು ‘ಕಚ್ಚು’ ಎಂದು ಬದಲಿಸಿದ್ದೇನೆ.

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ. ದ್ರವ ಹೊರಬರುವುದನ್ನು ಹೇಳಲು ಕನ್ನಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪದಗಳಿವೆ, ಮತ್ತು ಫೋರ್ಕಿನ ಸೀಲಿನ ಸ್ಥಿತಿಯನ್ನು ಅಳೆಯುವುದೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ. ಗ್ಯಾರೇಜಿನಲ್ಲಿ ಎಲ್ಲಕ್ಕೂ ‘ಲೀಕ್’ ಎಂದುಬಿಡುತ್ತಾರೆ. ಅಲ್ಲಿ ಬೈಕು ಕಣ್ಣ ಮುಂದೆಯೇ ಇರುವುದರಿಂದ ಅಷ್ಟು ಸಾಕಾಗುತ್ತದೆ, ಪುಸ್ತಕದಲ್ಲಿ ಸಾಲದು.

ಸೀಲು ಚೆನ್ನಾಗಿರುವಾಗಲೂ ಪೈಪಿನ ಮೇಲೆ ಆಯಿಲ್ಲಿನ ಅತಿ ತೆಳುವಾದ ಪದರವೊಂದು ಇದ್ದೇ ಇರುತ್ತದೆ, ಇರಬೇಕು ಕೂಡ. ಪೈಪು ಪೂರ್ತಿ ಒಣಗಿದ್ದರೆ ತುಟಿ ಉಜ್ಜಿ ಬೇಗ ಹಾಳಾಗುತ್ತದೆ. ಬೆರಳಾಡಿಸಿದರೆ ತಿಳಿಯುವ, ಕಣ್ಣಿಗೆ ಕಾಣದ ಈ ಸ್ಥಿತಿಗೆ ನಾನು ‘ಪಸೆ’ ಎಂಬ ಪದ ಇಟ್ಟಿದ್ದೇನೆ. ಪಸೆ ದೋಷವಲ್ಲ. ಪೈಪನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮುಂದಿನ ಬ್ರೇಕು ಹಿಡಿದು, ಹ್ಯಾಂಡಲಿನ ಮೇಲೆ ಭಾರ ಬಿಟ್ಟು ಕೆಲವು ಸಲ ಒತ್ತಿ ಎತ್ತಿದ ಮೇಲೆ ಪೈಪಿನ ಮೇಲೆ ತೆಳುವಾದ ಉಂಗುರದ ಗುರುತು ಮೂಡಿದರೆ ಅದು ‘ಒಸರು’. ಒರೆಸಿದಷ್ಟೂ ಮತ್ತೆ ಮೂಡುತ್ತ, ಸೀಲಿನ ಅಂಚಿನಲ್ಲಿ ಮಣಿಮಣಿಯಾಗಿ ಆಯಿಲ್ ನಿಂತರೆ ‘ಜಿನುಗು’. ಅಲ್ಲಿಂದ ಬಾಟಮ್ಮಿನ ಮೈಮೇಲೆ ಗೆರೆಯೆಳೆದು ಆಕ್ಸಲಿನವರೆಗೆ ಬಂದರೆ ‘ಇಳಿ’. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಗ್ಗೆ ನೆಲದ ಮೇಲೆ ಚುಕ್ಕಿ ಕಂಡರೆ ‘ತೊಟ್ಟಿಕ್ಕು’. ಕೈಪಿಡಿಯ ಮಟ್ಟಿಗೆ ನಾನು ಕೊಟ್ಟಿರುವ ಸಲಹೆ ಹೀಗಿದೆ: ಒಸರುತ್ತಿದ್ದರೆ ಗಮನವಿಡಿ, ಜಿನುಗುತ್ತಿದ್ದರೆ ಹೊಸ ಸೀಲು ತರಿಸಿಟ್ಟುಕೊಳ್ಳಿ, ಇಳಿಯುತ್ತಿದ್ದರೆ ಬೈಕು ಓಡಿಸುವುದನ್ನು ನಿಲ್ಲಿಸಿ. ಈ ಕೊನೆಯ ಮಾತು ಭಯ ಹುಟ್ಟಿಸಲು ಹೇಳಿದ್ದಲ್ಲ. ಇಳಿದ ಆಯಿಲ್ ಬ್ರೇಕಿನ ಡಿಸ್ಕಿಗೋ ಲೈನಿಂಗಿಗೋ ತಾಗಿದರೆ ಬ್ರೇಕು ಹಿಡಿಯುವುದಿಲ್ಲ, ಒಳಗೆ ಆಯಿಲ್ ಕಡಿಮೆಯಾದ ಫೋರ್ಕು ಗುಂಡಿಗೆ ಬಿದ್ದಾಗ ತಳ ಮುಟ್ಟಿ ಬಡಿಯುತ್ತದೆ.

ನನ್ನ ಮೊದಲನೆಯ ಸಂದೇಹ ಇಲ್ಲಿಯೇ. ಒಸರು ಮತ್ತು ಜಿನುಗು ಇವುಗಳಲ್ಲಿ ಯಾವುದು ಕಡಿಮೆಯದು, ಯಾವುದು ಹೆಚ್ಚಿನದು? ನನ್ನ ಕಿವಿಗೆ ಬಂಡೆಯ ಸಂದಿನಿಂದ ನೀರು ಒಸರುವುದು ನಿಧಾನದ್ದು, ಹಣೆಯ ಮೇಲೆ ಬೆವರು ಜಿನುಗುವುದು ಅದಕ್ಕಿಂತ ಕಣ್ಣಿಗೆ ಕಾಣುವಂಥದು. ಆದರೆ ಜಿನುಗುಮಳೆ ಎಂಬಲ್ಲಿ ಜಿನುಗು ತೀರ ಸಣ್ಣದು, ಒಸರುಬಾವಿ ಎಂಬಲ್ಲಿ ಒಸರು ಬಾವಿ ತುಂಬಿಸುವಷ್ಟು ದೊಡ್ಡದು ಎಂದು ವಾದಿಸುವವರೂ ಇದ್ದಾರೆ. ನಾನು ಇಟ್ಟ ಕ್ರಮ ಎಲ್ಲ ಕಡೆಯ ಓದುಗರಿಗೂ ಸಹಜವಾಗಿ ಹೊಂದುತ್ತದೆಯೇ, ಅಥವಾ ಈ ಎರಡನ್ನು ಮೆಟ್ಟಿಲುಗಳಾಗಿ ಬಳಸುವುದನ್ನೇ ಬಿಟ್ಟು ‘ಉಂಗುರ ಮೂಡುವುದು’, ‘ಮಣಿ ನಿಲ್ಲುವುದು’ ಎಂದು ಕಾಣುವುದನ್ನೇ ಹೇಳುವುದು ಮೇಲೆಯೇ?

ಇದಕ್ಕೆ ಹೊಂದಿಕೊಂಡ ಇನ್ನೊಂದು ಸೂಕ್ಷ್ಮವಿದೆ. ‘ಸೋರು’ ಎಂಬುದಕ್ಕೆ ಪಾತ್ರೆಯೂ ಕರ್ತೃವಾಗಬಹುದು, ದ್ರವವೂ ಆಗಬಹುದು. ಮಾಳಿಗೆ ಸೋರುತ್ತದೆ, ನೀರೂ ಸೋರುತ್ತದೆ. ಜಿನುಗು, ತೊಟ್ಟಿಕ್ಕು ಇವುಗಳಿಗೆ ದ್ರವವೇ ಕರ್ತೃವಾಗಬೇಕು. ಹಾಗಾಗಿ ‘ಸೀಲು ಸೋರುತ್ತಿದೆ’ ಎಂದರೆ ಕನ್ನಡ ಒಪ್ಪುತ್ತದೆ. ‘ಸೀಲು ಜಿನುಗುತ್ತಿದೆ’ ಎಂದರೆ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ. ‘ಸೀಲಿನಿಂದ ಆಯಿಲ್ ಜಿನುಗುತ್ತಿದೆ’ ಎನ್ನಬೇಕು. ಇದು ವ್ಯಾಕರಣದ ಚಪಲವಷ್ಟೇ ಅಲ್ಲ. ದ್ರವವನ್ನು ಕರ್ತೃವಾಗಿಟ್ಟು ‘ಎಲ್ಲಿಂದ’ ಎಂದು ಹೇಳಬೇಕಾದ ವಾಕ್ಯ ಬರೆಯುವವನನ್ನು ಜಾಗ ಗುರುತಿಸುವಂತೆ ಮಾಡುತ್ತದೆ, ಮತ್ತು ಫೋರ್ಕಿನಲ್ಲಿ ಜಾಗ ಗುರುತಿಸುವುದೇ ಅರ್ಧ ಕೆಲಸ. ಬಾಟಮ್ಮಿನ ಅಡಿಯ ಎಲ್ಲೆನ್ ಬೋಲ್ಟಿನ ಕೆಳಗೆ ಒಂದು ತಾಮ್ರದ ವಾಷರು ಇರುತ್ತದೆ. ಅದು ಸರಿಯಾಗಿ ಕೂರದಿದ್ದರೂ ಆಯಿಲ್ ಬರುತ್ತದೆ, ಆದರೆ ತಳದಿಂದ. ಸುಮ್ಮನೆ ‘ಫೋರ್ಕ್ ಸೋರುತ್ತಿದೆ’ ಎಂದು ಬರೆದರೆ ಓದಿದವನು ಮೇಲಿನ ಸೀಲು ಬದಲಿಸಿ, ದೋಷವನ್ನು ಕೆಳಗೆ ಹಾಗೆಯೇ ಉಳಿಸುತ್ತಾನೆ.

ಹಳೆಯ ಬೈಕುಗಳಲ್ಲಿ ಜಾಗ ಗುರುತಿಸುವುದು ಇನ್ನಷ್ಟು ಕಷ್ಟ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ಬಂದವಲ್ಲ, ಅವುಗಳಲ್ಲಿ ಮೊದಮೊದಲಿನ ಜಾವಾಗಳ ಫೋರ್ಕಿನ ಮೇಲುಭಾಗವನ್ನು ಬಣ್ಣ ಹಚ್ಚಿದ ತಗಡಿನ ಕವಚ ಮುಚ್ಚಿರುತ್ತದೆ. ಪೈಪೇ ಕಾಣದಿರುವಾಗ ಪಸೆಯನ್ನೂ ಉಂಗುರವನ್ನೂ ನೋಡುವುದೆಲ್ಲಿ? ಅಂಥ ಬೈಕಿನಲ್ಲಿ ಯಜಮಾನನಿಗೆ ಮೊದಲು ತಿಳಿಯುವುದೇ ‘ಇಳಿ’ಯುವ ಹಂತ. ಪೈಪು ಬಯಲಿಗೆ ಬಿದ್ದ ಮುಂದಿನ ಕಾಲದ ಬೈಕುಗಳಲ್ಲಿ ನೋಡುವುದು ಸುಲಭ, ಆದರೆ ಕಲ್ಲು ಕೆಸರು ತಾಗುವುದೂ ಸುಲಭ; ಕೆಲವರು ಅದಕ್ಕೆಂದೇ ಪೈಪನ್ನು ಮುಚ್ಚುವ ರಬ್ಬರಿನ ಬೂಟು ಹಾಕಿಸುತ್ತಾರೆ.

‘ಸವೆದ ಸೀಲು’ ಎಂಬಲ್ಲಿ ‘ಸವೆ’ ಸರಿಯೇ ಎಂಬುದು ಎರಡನೆಯ ಸಂದೇಹ. ಸವೆಯುವುದೆಂದರೆ ಉಜ್ಜಿ ಉಜ್ಜಿ ಮೈ ಕಡಿಮೆಯಾಗುವುದು: ಚಪ್ಪಲಿಯ ಹಿಮ್ಮಡಿ ಸವೆಯುತ್ತದೆ, ಬೀಸುವ ಕಲ್ಲು ಸವೆಯುತ್ತದೆ. ಇದರಿಂದ ಹುಟ್ಟಿದ ಸವೆತ, ಸವಕಲು, ಸವಕಳಿ ಮೂರೂ ಬೇರೆ ಬೇರೆ ದಾರಿ ಹಿಡಿದಿವೆ. ಸವಕಳಿಯನ್ನು ಲೆಕ್ಕಶಾಸ್ತ್ರದವರೂ ಮಣ್ಣಿನವರೂ ತೆಗೆದುಕೊಂಡಿದ್ದಾರೆ. ಸವಕಲು ಎಂಬುದು ನಾಣ್ಯಕ್ಕೂ ಮಾತಿಗೂ ಅಂಟಿಕೊಂಡಿದೆ. ಸವೆತವೊಂದೇ ಯಂತ್ರಕ್ಕೆ ಉಳಿದದ್ದು. ಆದರೆ ಸೀಲು ಹಾಳಾಗುವುದು ಸವೆತವೊಂದರಿಂದಲೇ ಅಲ್ಲ. ವರ್ಷಗಟ್ಟಲೆ ನಿಂತ ಬೈಕಿನಲ್ಲಿ ಸೀಲಿನ ರಬ್ಬರು ಸವೆದಿರುವುದೇ ಇಲ್ಲ. ಪೆಡಸಾಗಿರುತ್ತದೆ, ಎಂದರೆ ಬಳುಕುವ ಗುಣ ಕಳೆದುಕೊಂಡು ಗಟ್ಟಿಯಾಗಿ, ಪೈಪಿನ ಜೊತೆಗೆ ಹೊಂದಿಕೊಳ್ಳದೆ ನಿಲ್ಲುತ್ತದೆ. ಪೈಪಿನ ಕ್ರೋಮ್ ಎದ್ದು ತುಕ್ಕಿನ ಚುಕ್ಕಿ ಬಿದ್ದಿದ್ದರೆ ಆ ಚುಕ್ಕಿಯ ಅಂಚು ತುಟಿಯನ್ನು ಸೀಳುತ್ತದೆ. ಒಳಗಿನ ಕೂದಲೆಳೆ ಸ್ಪ್ರಿಂಗು ಜಾರಿ ಹೊರಬಿದ್ದರೆ ತುಟಿ ಸಡಿಲವಾಗುತ್ತದೆ. ಸವೆತ, ಪೆಡಸು, ಸೀಳು, ಸಡಿಲ ಎಂಬ ನಾಲ್ಕಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಸೀಳಿದ್ದರೆ ಪೈಪು ನೋಡದೆ ಹೊಸ ಸೀಲು ಹಾಕುವುದು ದಂಡ, ಏಕೆಂದರೆ ಅದೇ ಚುಕ್ಕಿ ಹೊಸದನ್ನೂ ಸೀಳುತ್ತದೆ. ಸಣ್ಣ ಚುಕ್ಕಿಯಾದರೆ ನಯವಾದ ಉಪ್ಪುಕಾಗದದಿಂದ ಉಜ್ಜಿ ಅಂಚು ತೆಗೆಯಬಹುದು. ಆಳವಾಗಿದ್ದರೆ ಪೈಪನ್ನೇ ಬದಲಿಸಬೇಕು, ಇಲ್ಲವೆ ಮತ್ತೆ ಕ್ರೋಮ್ ಹಾಕಿಸಬೇಕು.

ಇನ್ನು ಸೀಲು ಹಾಳಾಗದೆಯೇ ಆಯಿಲ್ ಬರುವ ಸಂದರ್ಭವೂ ಉಂಟು. ಕೆಸರಿನ ಸಣ್ಣ ಹರಳೊಂದು ತುಟಿಯ ಕೆಳಗೆ ಸಿಕ್ಕಿಕೊಂಡರೆ ಸಾಕು. ಡಸ್ಟ್ ಸೀಲನ್ನು ಮೇಲಕ್ಕೆ ಸರಿಸಿ, ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ತುಟಿಯಡಿಗೆ ತೂರಿಸಿ ಸುತ್ತಲೂ ಒಂದು ಬಾರಿ ಆಡಿಸಿದರೆ ಹರಳು ಹೊರಬಂದು ಜಿನುಗುವುದು ನಿಲ್ಲಬಹುದು. ಹಿಂದೆ ಈ ಕೆಲಸಕ್ಕೆ ಹಳೆಯ ಫೋಟೋ ನೆಗೆಟಿವ್ ಬಳಸುತ್ತಿದ್ದರು. ಅದರ ದಪ್ಪವೂ ನುಣುಪೂ ಇದಕ್ಕೆಂದೇ ಮಾಡಿಸಿದಂತಿತ್ತು. ಇಲ್ಲಿ ಯಾವ ಕ್ರಿಯಾಪದ? ‘ಕೆದಕು’ ಎಂದರೆ ಗಾಯವಾಗುವಂತೆ ಕೇಳುತ್ತದೆ, ‘ಗೋರು’ ಎಂದರೆ ಪ್ರಮಾಣ ದೊಡ್ಡದು. ‘ಪಟ್ಟಿ ಆಡಿಸು’ ಎಂದು ಬರೆದಿದ್ದೇನೆ, ಮನಸ್ಸಿಗೆ ಪೂರ್ತಿ ಒಪ್ಪಿಲ್ಲ.

ಇಷ್ಟೆಲ್ಲ ಬಗೆಗಳನ್ನು ಗ್ಯಾರೇಜಿನ ಕನ್ನಡ ಒಂದೇ ಮಾತಿನಲ್ಲಿ ನುಂಗಿಕೊಂಡಿದೆ: ‘ಸೀಲು ಹೋಗಿದೆ’. ಬಲ್ಬು ಹೋಗಿದೆ, ಬೇರಿಂಗು ಹೋಗಿದೆ, ಮೊಣಕಾಲು ಹೋಗಿದೆ ಎಂಬ ಸಾಲಿನದು. ಇಲ್ಲಿ ‘ಹೋಗು’ ಎಂದರೆ ಚಲನೆಯಲ್ಲ. ವಸ್ತು ಇದ್ದಲ್ಲಿಯೇ ಇದೆ, ಅದರ ಕೆಲಸ ಹೋಗಿದೆ. ‘ಕರೆಂಟು ಹೋಗಿದೆ’ ಎಂಬಲ್ಲಿ ವಸ್ತುವೇ ಇಲ್ಲವಾಗಿದೆ, ‘ಬಲ್ಬು ಹೋಗಿದೆ’ ಎಂಬಲ್ಲಿ ವಸ್ತು ಉಳಿದು ಗುಣ ಹೋಗಿದೆ. ಎರಡಕ್ಕೂ ರೂಪ ಒಂದೇ. ಈ ಬಳಕೆ ಎಷ್ಟು ಸಮರ್ಥವೆಂದರೆ ಕೈಪಿಡಿಯಿಂದ ಅದನ್ನು ಹೊರಗಿಡಲು ನನಗೆ ಮನಸ್ಸಿಲ್ಲ. ಅಧ್ಯಾಯದ ಶೀರ್ಷಿಕೆಯನ್ನು ‘ಸೀಲು ಹೋದಾಗ’ ಎಂದೇ ಇಟ್ಟು, ಒಳಗೆ ಸವೆದಿದೆಯೋ ಪೆಡಸಾಗಿದೆಯೋ ಸೀಳಿದೆಯೋ ಎಂದು ಬಿಡಿಸಿ ಬರೆದಿದ್ದೇನೆ. ಶಿಷ್ಟ ಬರವಣಿಗೆಯಲ್ಲಿ ಇದಕ್ಕೆ ಆಕ್ಷೇಪ ಬರಬಹುದೇ?

ಬದಲಿಸುವ ಕ್ರಿಯೆಗೂ ಒಂದು ಮಾತು. ‘ಬದಲಿಸು’, ‘ಬದಲಾಯಿಸು’ ಎರಡೂ ಸಕರ್ಮಕವೇ. ಇನ್ನೊಬ್ಬರಿಂದ ಮಾಡಿಸಿದ್ದು ಎಂಬ ಅರ್ಥಕ್ಕೆ ‘ಬದಲಾಯಿಸಿಸು’ ಎಂದು ನಾಲಗೆ ತೊಡರಿಸಿಕೊಳ್ಳಬೇಕಾಗುತ್ತದೆ, ಯಾರೂ ಹಾಗೆನ್ನುವುದಿಲ್ಲ. ಬೈಕಿನ ಯಜಮಾನ ‘ಸೀಲು ಬದಲಾಯಿಸಿದೆ’ ಎಂದಾಗ ಕೈ ಮಸಿ ಮಾಡಿಕೊಂಡವರು ಯಾರೆಂದು ತಿಳಿಯದು. ‘ಹಾಕು’, ‘ಹಾಕಿಸು’ ಎಂಬ ಜೋಡಿಯಲ್ಲಿ ಈ ಗೊಂದಲವಿಲ್ಲ: ಮೆಕ್ಯಾನಿಕ್ಕು ಸೀಲು ಹಾಕುತ್ತಾನೆ, ಯಜಮಾನ ಹಾಕಿಸುತ್ತಾನೆ. ಕಲಿಯುವ ಹುಡುಗನಿಗೆ ಬರೆದ ಪುಸ್ತಕವಾದ್ದರಿಂದ ಎಲ್ಲ ಕಡೆಯೂ ‘ಹಾಕಿ’ ಎಂದೇ ವಿಧಿಸಿದ್ದೇನೆ.

ಆಯಿಲ್ಲಿಗೆ ಎಣ್ಣೆ ಎನ್ನಬಾರದೇಕೆ ಎಂದು ಕೇಳಬಹುದು. ಸೀಮೆಎಣ್ಣೆ, ಗಾಣದೆಣ್ಣೆಗಳಿಗೆ ಒಗ್ಗಿದ ಪದ ಯಂತ್ರದ ಆಯಿಲ್ಲಿಗೂ ಒಗ್ಗಬೇಕಿತ್ತು, ಆದರೆ ಒಗ್ಗಲಿಲ್ಲ. ಗ್ಯಾರೇಜಿನ ಹುಡುಗನಿಗೆ ‘ಎರಡೂ ಕಡೆ ಸಮನಾಗಿ ಎಣ್ಣೆ ಹಾಕು’ ಎಂದರೆ ಅವನು ನಗುತ್ತಾನೆ, ನಗುವ ಕಾರಣ ತಮಗೆಲ್ಲ ಗೊತ್ತಿದೆ. ‘ತೈಲ’ ಪತ್ರಿಕೆಯ ಪದವಾಗಿ ಕಚ್ಚಾ ತೈಲದೊಡನೆ ಹೋಯಿತು. ಆಯಿಲ್ ಉಳಿಯಿತು.

ಕೊನೆಯದಾಗಿ, ಬಿಚ್ಚಿ ಜೋಡಿಸುವ ಭಾಗದ ಕರಡನ್ನು ಇಲ್ಲಿ ಕೊಡುತ್ತೇನೆ. ಕ್ರಿಯಾಪದಗಳನ್ನು ಗಮನಿಸಿ ಓದಬೇಕೆಂದು ವಿನಂತಿ.

‘ಬೈಕನ್ನು ಮಧ್ಯದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಚಕ್ರ ನೆಲ ಬಿಟ್ಟು ನಿಲ್ಲುವಂತೆ ಎಂಜಿನ್ನಿನ ಕೆಳಗೆ ಆಧಾರ ಕೊಡಿ. ಫೋರ್ಕು ಇನ್ನೂ ಬೈಕಿನಲ್ಲಿರುವಾಗಲೇ, ಮೇಲ್ತುದಿಯಲ್ಲಿ ಪೈಪನ್ನು ಬಿಗಿದು ಹಿಡಿದ ಬೋಲ್ಟನ್ನು ಸಡಿಲಿಸಿ, ಪೈಪಿನ ತಲೆಯ ಮುಚ್ಚಳವನ್ನು ಒಂದು ಸುತ್ತು ಸಡಿಲವಾಗುವಷ್ಟು ಮಾತ್ರ ತಿರುಗಿಸಿಡಿ. ಕಳಚಿದ ಮೇಲೆ ಅದನ್ನು ತಿರುಗಿಸಲು ಹಿಡಿತ ಸಿಗುವುದಿಲ್ಲ. ಚಕ್ರವನ್ನೂ ಮಡ್‌ಗಾರ್ಡನ್ನೂ ಬಿಚ್ಚಿ, ಫೋರ್ಕಿನ ಎರಡು ಕಾಲುಗಳನ್ನು ಒಂದೊಂದಾಗಿ ಕೆಳಕ್ಕೆ ಇಳಿಸಿ. ಮುಚ್ಚಳದ ಕೆಳಗೆ ಸ್ಪ್ರಿಂಗು ಒತ್ತಿಕೊಂಡಿರುತ್ತದೆ. ಮುಖವನ್ನು ಪಕ್ಕಕ್ಕಿಟ್ಟು, ಅಂಗೈಯಿಂದ ಒತ್ತಿ ಹಿಡಿದು ತೆಗೆಯಿರಿ. ಸ್ಪ್ರಿಂಗನ್ನು ಎಳೆದು, ಹಳೆಯ ಆಯಿಲ್ಲನ್ನು ಡಬ್ಬಿಗೆ ಬಗ್ಗಿಸಿ. ತಳದ ಎಲ್ಲೆನ್ ಬೋಲ್ಟನ್ನು ಬಿಚ್ಚಿದರೆ ಬಾಟಮ್ಮಿನಿಂದ ಪೈಪು ಹೊರಬರುತ್ತದೆ. ಬೋಲ್ಟಿನ ಜೊತೆಗೆ ಒಳಗಿನ ಕಡ್ಡಿಯೂ ತಿರುಗತೊಡಗಿದರೆ, ಸ್ಪ್ರಿಂಗನ್ನು ಮತ್ತೆ ಹಾಕಿ ಮೇಲಿಂದ ಒತ್ತಿ ಹಿಡಿದು ಬಿಚ್ಚಿ.

ಡಸ್ಟ್ ಸೀಲನ್ನು ಎಬ್ಬಿಸಿ. ಕಚ್ಚಿನಿಂದ ಲಾಕನ್ನು ಬಿಡಿಸಿ. ಬಾಟಮ್ಮಿನ ಬಾಯಿಗೆ ಬಟ್ಟೆಯ ಮಡಿಕೆ ಇಟ್ಟು, ಅದರ ಮೇಲೆ ಸ್ಕ್ರೂಡ್ರೈವರ್ ಊರಿ, ಹಳೆಯ ಸೀಲನ್ನು ಒಂದೇ ಕಡೆ ಬಲ ಹಾಕದೆ ಸುತ್ತಲೂ ಸ್ವಲ್ಪ ಸ್ವಲ್ಪವೇ ಮೀಟಿ. ಬಾಟಮ್ಮಿನ ಅಲ್ಯೂಮಿನಿಯಂ ಮೆದು, ಅದರ ಒಳಮೈಗೆ ಗೀರು ಬಿದ್ದರೆ ಹೊಸ ಸೀಲಿನ ಹೊರಗಡೆಯಿಂದಲೂ ಆಯಿಲ್ ಬರುತ್ತದೆ. ಎಲ್ಲವನ್ನೂ ತೊಳೆದು ಒರೆಸಿ. ಪೈಪನ್ನು ಸಮತಟ್ಟಾದ ಗಾಜಿನ ಮೇಲೆ ಉರುಳಿಸಿ, ಬಾಗಿದೆಯೇ ನೋಡಿ.

ಹೊಸ ಸೀಲಿನ ತುಟಿಗೆ ಫೋರ್ಕ್ ಆಯಿಲ್ ಸವರಿ. ಪೈಪಿನ ತುದಿಯಿಂದ ಸೀಲನ್ನು ತೊಡಿಸುವುದಾದರೆ ತುದಿಗೆ ಪ್ಲಾಸ್ಟಿಕ್ ಚೀಲ ಹೊದಿಸಿ, ಅಂಚಿಗೆ ತುಟಿ ಕೊಯ್ಯದಂತೆ ನೋಡಿಕೊಳ್ಳಿ. ಅಂಕಿ ಅಚ್ಚಾಗಿರುವ ಮೈ ಮೇಲೆ, ಸ್ಪ್ರಿಂಗು ಕಾಣುವ ಮೈ ಆಯಿಲ್ಲಿನ ಕಡೆಗೆ, ಎಂದರೆ ಕೆಳಗೆ ಇರಬೇಕು. ಹಳೆಯ ಸೀಲನ್ನು ಮೇಲಿಟ್ಟು, ಸರಿಯಾದ ಅಳತೆಯ ಕೊಳವೆಯಿಂದ ಸಮನಾಗಿ ತಟ್ಟುತ್ತ, ಲಾಕಿನ ಕಚ್ಚು ಪೂರ್ತಿ ಕಾಣುವವರೆಗೆ ಕೂರಿಸಿ. ಲಾಕು ಹಾಕಿ, ತಳದ ಬೋಲ್ಟಿಗೆ ಹೊಸ ತಾಮ್ರದ ವಾಷರು ಹಾಕಿ ಬಿಗಿಯಿರಿ. ಕಂಪನಿಯ ಪುಸ್ತಕ ಹೇಳಿದ ಅಳತೆಯ ಆಯಿಲ್ಲನ್ನು ಎರಡೂ ಕಾಲಿಗೆ ಸಮನಾಗಿ ಹೊಯ್ದು, ಪೈಪನ್ನು ಕೆಲವು ಸಲ ಮೇಲೆ ಕೆಳಗೆ ಆಡಿಸಿ ಗಾಳಿ ಹೊರಡಿಸಿ. ಒಂದು ಕಡೆಯ ಸೀಲು ಮಾತ್ರ ಹೋಗಿದ್ದರೂ ಎರಡೂ ಕಡೆ ಹೊಸದನ್ನೇ ಹಾಕಿ.’

ಈ ಕರಡಿನಲ್ಲಿ ಡಸ್ಟ್ ಸೀಲಿಗೆ ‘ಎಬ್ಬಿಸು’, ಆಯಿಲ್ ಸೀಲಿಗೆ ‘ಮೀಟು’, ಲಾಕಿಗೆ ‘ಬಿಡಿಸು’ ಎಂದು ಬೇರೆ ಬೇರೆ ಬಳಸಿದ್ದು ಬೇಕೆಂದೇ. ಎಬ್ಬಿಸುವುದಕ್ಕೆ ಉಗುರಿನಷ್ಟು ಬಲ ಸಾಕು. ಮೀಟುವುದಕ್ಕೆ ಸನ್ನೆಗೋಲು ಬೇಕು. ಬಿಡಿಸುವುದು ಕಚ್ಚಿಕೊಂಡದ್ದನ್ನು ಕಳಚುವುದು. ಮೂರಕ್ಕೂ ‘ತೆಗೆ’ ಎಂದಿದ್ದರೆ ತಪ್ಪೇನೂ ಇರಲಿಲ್ಲ, ಆದರೆ ಎಷ್ಟು ಬಲ ಹಾಕಬೇಕೆಂಬ ಸೂಚನೆಯನ್ನು ಬೇರೆ ವಾಕ್ಯದಲ್ಲಿ ಹೇಳಬೇಕಾಗುತ್ತಿತ್ತು. ಮೀಟು ಎಂದೊಡನೆ ಈಗಿನ ಓದುಗರಿಗೆ ವೀಣೆಯ ತಂತಿಯೇ ನೆನಪಾಗುತ್ತದೆ, ಬಂಡೆ ಮೀಟುವ ಹಾರೆ ನೆನಪಾಗುವುದಿಲ್ಲ ಎಂದು ಗೆಳೆಯರೊಬ್ಬರು ಹೇಳಿದರು. ಹಳ್ಳಿಯಿಂದ ಬಂದ ಹುಡುಗರಿಗೆ ಹಾರೆಯೇ ಮೊದಲು ನೆನಪಾಗುತ್ತದೆ ಎಂದು ನನ್ನ ನಂಬಿಕೆ.

ಧಾರವಾಡ, ಕಲಬುರಗಿ ಕಡೆಯವರು ‘ಕೂರಿಸು’ ಎಂಬಲ್ಲಿ ‘ಕೂಡಿಸು’ ಎನ್ನುತ್ತಾರೆ. ಹಳೆಯ ಮೈಸೂರಿನವರಿಗೆ ಕೂಡಿಸುವುದು ಎಂದರೆ ಲೆಕ್ಕ ಕೂಡಿಸುವುದು ಅಥವಾ ಜೋಡಿಸುವುದು. ಆವರಣದಲ್ಲಿ ಎರಡನ್ನೂ ಕೊಡಬೇಕೋ ಒಂದನ್ನೇ ಇಡಬೇಕೋ ತಿಳಿಸಿ. ಹಾಗೆಯೇ ಮಂಗಳೂರು, ಉಡುಪಿ, ಕಾರವಾರದ ಗ್ಯಾರೇಜುಗಳಲ್ಲಿ ಪೈಪಿನ ಮೇಲೆ ಮೂಡುವ ಆ ತೆಳು ಉಂಗುರಕ್ಕೆ, ಇನ್ನೂ ಜಿನುಗತೊಡಗದ ಆ ಹಂತಕ್ಕೆ, ಬಾಯಿಮಾತಿನಲ್ಲಿ ಏನಾದರೂ ಹೆಸರಿದ್ದರೆ ಅದನ್ನೂ, ಯಾವ ಊರಿನಲ್ಲಿ ಕೇಳಿದ್ದೆಂಬುದನ್ನೂ ದಯವಿಟ್ಟು ಬರೆಯಿರಿ.